ಹುಟ್ಟುತ್ತಲೇ ದೊಡ್ಡದಾದ ಮಗು: ಹೆಮ್ಮೆಯ ಜೊತೆ ಒಂದಿಷ್ಟು ಎಚ್ಚರ

ಹೆರಿಗೆ ಕೋಣೆಯ ಹೊರಗೆ ಕಾದು ನಿಂತವರು ನರ್ಸ್ ಬಂದ ಕೂಡಲೇ ಕೇಳುವುದು ಎರಡೇ ಮಾತು: ಗಂಡೋ ಹೆಣ್ಣೋ, ತೂಕ ಎಷ್ಟು? ನಾಲ್ಕು ಕಿಲೋ ಎಂದರೆ ಸಾಕು, ದಾದಿಮಾಳ ಮುಖ ಅರಳುತ್ತದೆ. ಕಡಿಮೆ ತೂಕದ ಮಕ್ಕಳ ಚಿಂತೆಯಲ್ಲೇ ದಿನ ಕಳೆಯುವ ನಮ್ಮ ಬರಗಾಲದ ಸೀಮೆಯಲ್ಲಿ ದುಂಡು ದುಂಡಾದ ಮಗು ಹುಟ್ಟಿದರೆ ಸಂತೋಷಪಡುವುದು ಸಹಜ. ಮೊದಲ ಮಾತು "ಮಾಷಾ ಅಲ್ಲಾಹ್", ಎರಡನೆಯದು "ನಝರ್ ಆಗದಿರಲಿ".

ನಾಲ್ಕು ಕಿಲೋ ಇರುವ ಮಗುವೆಲ್ಲ ಕಾಯಿಲೆಯ ಮಗುವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಈ ಲೇಖನ ಓದಿ ನಾಳೆ ಹತ್ತು ಜನ ಗಾಬರಿಯಾಗಿ ನನ್ನ ದವಾಖಾನೆಗೆ ಬರುತ್ತಾರೆ. ತಂದೆ ತಾಯಿ ಎತ್ತರದವರಾಗಿದ್ದರೆ ಮಗುವೂ ದೊಡ್ಡದಾಗಿ ಹುಟ್ಟಬಹುದು. ಸಾಮಾನ್ಯವಾದ ಇನ್ನೊಂದು ಕಾರಣವಿದೆ: ಗರ್ಭಿಣಿಯಾಗಿದ್ದಾಗ ತಾಯಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿರುವುದು. ತಾಯಿಯ ರಕ್ತದ ಹೆಚ್ಚಿನ ಸಕ್ಕರೆ ಮಗುವಿಗೂ ಹೋಗುತ್ತದೆ, ಮಗು ಒಳಗೇ ಕೊಬ್ಬು ಕಟ್ಟಿಕೊಳ್ಳುತ್ತದೆ. ಅದಕ್ಕಾಗಿಯೇ ಗರ್ಭ ನಿಂತ ಮೇಲೆ ಮೊದಲ ಭೇಟಿಯಲ್ಲಿ ಒಮ್ಮೆ, ಮತ್ತೆ 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಹಣವಿಲ್ಲ. ಹೊಟ್ಟೆ ತೊಳಸುತ್ತದೆ ಎಂದು ನಮ್ಮ ಹೆಣ್ಣುಮಕ್ಕಳು ಎರಡನೇ ಸಲದ ಪರೀಕ್ಷೆ ತಪ್ಪಿಸಿಕೊಳ್ಳುತ್ತಾರೆ. ತಪ್ಪಿಸಬೇಡಿ.

ಈ ಎರಡೂ ಕಾರಣಗಳಿಲ್ಲದೆ, ತೀರಾ ಅಪರೂಪಕ್ಕೆ, ಮಗುವಿನ ಬೆಳವಣಿಗೆಯ ಲಗಾಮೇ ಸಡಿಲವಾಗಿರುತ್ತದೆ. ಇಡೀ ದೇಹವೋ, ನಾಲಿಗೆಯೋ, ಒಂದು ಕಾಲೋ, ಒಂದೇ ಬೆರಳೋ ಮಿತಿ ಮೀರಿ ಬೆಳೆಯುತ್ತದೆ. ಅತಿಬೆಳವಣಿಗೆಯ ಸಿಂಡ್ರೋಮ್ ಎಂದು ಕರೆಯುವ ಈ ಗುಂಪಿನಲ್ಲಿ ಹಲವು ಕಾಯಿಲೆಗಳಿವೆ. ಎಲ್ಲದರ ಹೆಸರು ಓದುಗರಿಗೆ ಬೇಕಾಗಿಲ್ಲ. ನನ್ನ ಬಳಿಗೆ ಬಂದ ಎರಡು ಮಕ್ಕಳ ವಿಷಯದಿಂದಲೇ ಹೇಳುತ್ತೇನೆ.

ಒಂದು ಚಳಿಗಾಲದಲ್ಲಿ ಹತ್ತಿರದ ಹಳ್ಳಿಯೊಂದರಿಂದ ಅಜ್ಜಿಯೊಬ್ಬರು ಎರಡು ತಿಂಗಳ ಮೊಮ್ಮಗನನ್ನು ಕರೆತಂದರು. ಜೊತೆಗೆ ಬಾಣಂತಿ ಮಗಳೂ ಇದ್ದಳು. "ಹಕೀಮ್ ಸಾಬ್, ಇವನ ನಾಲಿಗೆ ಒಳಗೇ ಹೋಗುವುದಿಲ್ಲ. ಹಾಲು ಕುಡಿಯುವಾಗ ಏದುಸಿರು ಬಿಡುತ್ತಾನೆ. ಏನಾದರೂ ಖಮೀರಾ ಕೊಡಿ" ಎಂದರು. ಮಗು ನಾಲ್ಕು ಕಿಲೋ ಇನ್ನೂರು ಗ್ರಾಂ ಹುಟ್ಟಿತ್ತು. ತಾಯಿಗೆ ಸಕ್ಕರೆ ಇರಲಿಲ್ಲ. ಹೊಕ್ಕುಳು ನಿಂಬೆಹಣ್ಣಿನಷ್ಟು ಉಬ್ಬಿತ್ತು, ಅದರ ಮೇಲೆ ಹಳೆಯ ನಾಣ್ಯ ಇಟ್ಟು ಬಟ್ಟೆ ಬಿಗಿದಿದ್ದರು. ಕಿವಿಯ ಹಾಲೆಯ ಮೇಲೆ ಉಗುರಿನಿಂದ ಗೀರಿದಂತೆ ಒಂದು ಗೆರೆ. ಬಟ್ಟೆ ಬಿಚ್ಚಿಸಿ ಎರಡೂ ಕಾಲು ಜೋಡಿಸಿ ನೋಡಿದೆ. ಬಲಗಾಲಿನ ತೊಡೆ ಎಡದ್ದಕ್ಕಿಂತ ದಪ್ಪವಿತ್ತು.

ಅಜ್ಜಿಗೆ ಅದು ಮೊದಲೇ ಗೊತ್ತಿತ್ತು! ದಿನಾ ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ನೀರು ಎರೆಯುವವರು ಅವರೇ ತಾನೆ. "ಒಂದು ಕಡೆ ಭಾರ ಅನಿಸುತ್ತಿತ್ತು, ಹೇಳಿದರೆ ಸೊಸೆ ಮನೆಯವರು ಏನಾದರೂ ಅನ್ನುತ್ತಾರೆ ಅಂತ ಸುಮ್ಮನಿದ್ದೆ" ಎಂದರು. ಡಾಕ್ಟರು ಕಾಣುವ ಮೊದಲೇ ಇಂಥದ್ದು ಕಾಣುವುದು ಮಗುವಿಗೆ ಎರೆಯುವ ಕೈಗೆ. ಆ ಕೈ ಸುಮ್ಮನಿರಬಾರದು.

ಈ ಎಲ್ಲ ಲಕ್ಷಣ ಒಟ್ಟಿಗೆ ಸೇರಿದರೆ ಬೆಕ್‌ವಿತ್-ವೀಡೆಮನ್ ಸಿಂಡ್ರೋಮ್ ಇರಬಹುದೆಂದು ಸಂಶಯಪಡಬೇಕು. 1963ರಲ್ಲಿ ಅಮೆರಿಕದ ಬೆಕ್‌ವಿತ್, 1964ರಲ್ಲಿ ಜರ್ಮನಿಯ ಮಕ್ಕಳ ವೈದ್ಯ ವೀಡೆಮನ್ ಬೇರೆ ಬೇರೆಯಾಗಿ ಇದನ್ನು ಗುರುತಿಸಿದರು. ಸುಮಾರು ಹತ್ತು ಹದಿಮೂರು ಸಾವಿರ ಹೆರಿಗೆಗಳಿಗೆ ಒಂದರಂತೆ ಕಾಣುತ್ತದೆ ಎಂಬುದು ಲೆಕ್ಕ. ನಾಲಿಗೆ ದೊಡ್ಡದಿರುವ ಮಗುವೆಲ್ಲ ಇದೇ ಎಂದುಕೊಳ್ಳಬಾರದು. ಥೈರಾಯ್ಡ್ ಕೊರತೆಯಿಂದ ಹುಟ್ಟಿದ ಮಗುವಿಗೂ ನಾಲಿಗೆ ಹೊರಬರುತ್ತದೆ, ಹೊಕ್ಕುಳೂ ಉಬ್ಬುತ್ತದೆ. ಅದಕ್ಕೆ ದಿನಕ್ಕೊಂದು ಮಾತ್ರೆ ಸಾಕು, ಆದರೆ ತಡಮಾಡಿದರೆ ಬುದ್ಧಿ ಬೆಳೆಯುವುದಿಲ್ಲ. ಹಾಗಾಗಿ ನಾಲಿಗೆ ಹೊರಗಿರುವ ಮಗು ಬಂದರೆ ನಾನು ಮೊದಲು ಬರೆಯುವುದು ಥೈರಾಯ್ಡ್ ರಕ್ತ ಪರೀಕ್ಷೆಯ ಚೀಟಿ.

ಬೆಕ್‌ವಿತ್ ಮಗುವಿಗೆ ಮೊದಲ ಅಪಾಯ ಹುಟ್ಟಿದ ಮೊದಲ ಗಂಟೆಗಳಲ್ಲೇ ಇದೆ. ಇಂಥ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ರಕ್ತದ ಸಕ್ಕರೆ ಕುಸಿಯುತ್ತದೆ, ಏಕೆಂದರೆ ದೇಹದಲ್ಲಿ ಇನ್ಸುಲಿನ್ ಬೇಕಾದದ್ದಕ್ಕಿಂತ ಹೆಚ್ಚು ತಯಾರಾಗುತ್ತದೆ. ಮಗು ಬಳಲುತ್ತದೆ, ಮೊಲೆ ಹಿಡಿಯುವುದಿಲ್ಲ, ಕೈಕಾಲು ನಡುಗುತ್ತದೆ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ಸಕ್ಕರೆ ಬಹಳ ಹೊತ್ತು ಕೆಳಗಿದ್ದರೆ ಮಿದುಳಿಗೆ ಪೆಟ್ಟು. ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ದೊಡ್ಡ ಮಗು ಹುಟ್ಟಿದಾಗ "ಸಕ್ಕರೆ ನೋಡಿದಿರಾ ಸಿಸ್ಟರ್?" ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಮಗು ಮಂಕಾಗಿದೆ ಎಂದು ಜೇನು ನೆಕ್ಕಿಸಿ ಸಮಯ ಕಳೆಯಬೇಡಿ. ಜೇನಿನ ಗುಣ ನಮ್ಮ ಹಿಕ್ಮತ್‌ನಲ್ಲಿ ಓದಿದವನೇ ನಾನು. ಆದರೂ ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಬಾರದು, ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ನರಗಳ ಶಕ್ತಿ ಕುಂದಿಸುತ್ತದೆ.

ಹೊಕ್ಕುಳಿನ ಮೇಲೆ ನಾಣ್ಯ ಬಿಗಿಯುವುದರಿಂದ ಉಬ್ಬು ಇಳಿಯುವುದಿಲ್ಲ, ಚರ್ಮ ಹುಣ್ಣಾಗುತ್ತದೆ. ಸಣ್ಣ ಉಬ್ಬು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಮುಚ್ಚದಿದ್ದರೆ ಶಸ್ತ್ರಚಿಕಿತ್ಸೆ ಇದೆ. ನಾಲಿಗೆಯೂ ಹಾಗೆಯೇ. ದವಡೆ ಬೆಳೆದಂತೆ ಅನೇಕ ಮಕ್ಕಳಿಗೆ ಹೊಂದಿಕೊಳ್ಳುತ್ತದೆ. ಉಸಿರಿಗೆ, ಊಟಕ್ಕೆ, ಮಾತಿಗೆ ತೊಂದರೆಯಾದರೆ ಸರ್ಜನ್ ಅದನ್ನು ಸಣ್ಣದು ಮಾಡುತ್ತಾರೆ.

ಎರಡನೇ ಅಪಾಯ ಹೊಟ್ಟೆಯೊಳಗಿನದು, ಅದು ಕಣ್ಣಿಗೆ ಕಾಣದು. ಬೆಕ್‌ವಿತ್ ಇರುವ ನೂರು ಮಕ್ಕಳಲ್ಲಿ 5ರಿಂದ 10 ಮಕ್ಕಳಿಗೆ ಮೊದಲ ಕೆಲವು ವರ್ಷಗಳಲ್ಲಿ ಮೂತ್ರಪಿಂಡದಲ್ಲೋ ಪಿತ್ತಜನಕಾಂಗದಲ್ಲೋ ಗಡ್ಡೆ ಬೆಳೆಯುತ್ತದೆ. ಮೂತ್ರಪಿಂಡದ್ದಕ್ಕೆ ವಿಲ್ಮ್ಸ್ ಗಡ್ಡೆ ಎನ್ನುತ್ತಾರೆ. ಅದು ಕ್ಯಾನ್ಸರ್. ಈ ಪದ ಬರೆಯಲು ನನಗೂ ಕೈ ಹಿಂಜರಿಯುತ್ತದೆ, ಆದರೆ ಮುಂದಿನ ಮಾತೂ ಕೇಳಿ. ಸಣ್ಣದಿರುವಾಗಲೇ ಹಿಡಿದು, ಆಪರೇಷನ್ ಮತ್ತು ಕೀಮೋ ಕೊಟ್ಟರೆ ಒಳ್ಳೆಯ ಕೇಂದ್ರಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಗುಣವಾಗುತ್ತಾರೆ. ಮಕ್ಕಳ ಕ್ಯಾನ್ಸರ್‌ಗಳಲ್ಲಿ ಇಷ್ಟು ಮಾತು ಕೇಳುವಂಥದ್ದು ಕಡಿಮೆ. ಸಣ್ಣದಿರುವಾಗ ಹಿಡಿಯುವ ದಾರಿ ಒಂದೇ: ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್, ಏಳು ವರ್ಷ ತುಂಬುವವರೆಗೆ. ಮೊದಲ ವರ್ಷಗಳಲ್ಲಿ ಪಿತ್ತಜನಕಾಂಗದ ಗಡ್ಡೆಗಾಗಿ ಎ.ಎಫ್.ಪಿ. ಎಂಬ ರಕ್ತ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇ ಕಿರಣವಿಲ್ಲ. ಎಷ್ಟು ಸಲ ಮಾಡಿಸಿದರೂ ಮಗುವಿಗೆ ಹಾನಿಯಿಲ್ಲ.

ಇಲ್ಲೇ ನಮ್ಮ ಮನೆಗಳು ಸೋಲುವುದು. ಮೊದಲ ಸ್ಕ್ಯಾನ್ ಚೆನ್ನಾಗಿ ಬಂತು, ಎರಡನೆಯದೂ ಚೆನ್ನಾಗಿ ಬಂತು. ಮೂರನೆಯದಕ್ಕೆ ಶೇಂಗಾ ಕೀಳುವ ಕಾಲ, ಕೂಲಿ ಬಿಟ್ಟು ಹೋಗುವುದು ಹೇಗೆ? ಮಗು ಆಡಿಕೊಂಡಿದೆಯಲ್ಲ! ಆ ಅಜ್ಜಿಯ ಮೊಮ್ಮಗನಿಗೂ ಹಾಗೇ ಆಗುತ್ತಿತ್ತು. ಅವನ ತಾಯಿ ಮಾತ್ರ ಹಟ ಹಿಡಿದು ಕರೆದುಕೊಂಡು ಹೋದಳು. ಐದನೇ ಸ್ಕ್ಯಾನ್‌ನಲ್ಲಿ ಎಡ ಮೂತ್ರಪಿಂಡದಲ್ಲಿ ಅಡಕೆಯಷ್ಟು ಗಡ್ಡೆ ಕಂಡಿತು. ಹೊರಗಿನಿಂದ ಮುಟ್ಟಿ ನೋಡಿದರೆ ಯಾರಿಗೂ ಸಿಗುವಂತಿರಲಿಲ್ಲ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಈಗ ಅವನು ಅಂಗನವಾಡಿಯಲ್ಲಿದ್ದಾನೆ, ಸ್ಕ್ಯಾನ್ ಇನ್ನೂ ನಡೆಯುತ್ತಿದೆ.

ಇನ್ನೊಂದು ಮಾತು, ಎರೆಯುವ ತಾಯಂದಿರಿಗೆ. ಇಂಥ ಮಗುವಿನ ಹೊಟ್ಟೆಯನ್ನು ಒತ್ತಿ ತಿಕ್ಕಬೇಡಿ. ಗಡ್ಡೆ ಇದ್ದರೆ ಒತ್ತಡಕ್ಕೆ ಅದು ಒಡೆಯಬಹುದು. ಕೈಕಾಲಿಗೆ ಎಣ್ಣೆ ಹಚ್ಚಿ, ಹೊಟ್ಟೆಯ ಮೇಲೆ ಸುಮ್ಮನೆ ಕೈಯಾಡಿಸಿ ಬಿಡಿ.

ಹೀಗೇಕಾಗುತ್ತದೆ? ಮಗುವಿಗೆ ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ, ಹೀಗೆ ಪ್ರತಿಯೊಂದು ಜೀನ್‌ನ ಎರಡು ಪ್ರತಿ ಬರುತ್ತವೆ. ಸಾಮಾನ್ಯವಾಗಿ ಎರಡೂ ಕೆಲಸ ಮಾಡುತ್ತವೆ. ಆದರೆ 11ನೇ ವರ್ಣತಂತುವಿನ ತುದಿಯ ಒಂದು ಸಣ್ಣ ಭಾಗದಲ್ಲಿ ಏರ್ಪಾಡು ಬೇರೆ. ಜೋಡಿ ಎತ್ತಿನ ಗಾಡಿ ನೆನೆಸಿಕೊಳ್ಳಿ. ಒಂದು ಎತ್ತು ಮುಂದಕ್ಕೆ ಎಳೆಯುವ ಸ್ವಭಾವದ್ದು, ಇನ್ನೊಂದು ತಡೆದು ನಡೆಯುವಂಥದ್ದು. ಆ ಭಾಗದಲ್ಲಿ ತಂದೆಯಿಂದ ಬಂದ ಪ್ರತಿ ಬೆಳೆಯೆಂದು ಎಳೆಯುತ್ತದೆ, ತಾಯಿಯಿಂದ ಬಂದದ್ದು ಸಾಕೆಂದು ತಡೆಯುತ್ತದೆ. ಯಾವುದು ಎಳೆಯಬೇಕು, ಯಾವುದು ತಡೆಯಬೇಕು ಎಂದು ಜೀನ್‌ಗಳ ಮೇಲೆ ಸೂಕ್ಷ್ಮ ಗುರುತುಗಳಿರುತ್ತವೆ. ಗರ್ಭದ ಮೊದಲ ದಿನಗಳಲ್ಲಿ ಈ ಗುರುತು ಅಳಿಸಿಹೋದರೆ, ಅಥವಾ ಎರಡೂ ಪ್ರತಿ ತಂದೆಯದೇ ಬಂದುಬಿಟ್ಟರೆ ತಡೆಯುವ ಎತ್ತೇ ಇಲ್ಲದಂತಾಗುತ್ತದೆ.

ಬಹುಪಾಲು ಮಕ್ಕಳಲ್ಲಿ ಇದು ತಾನಾಗಿ ಆಗುವಂಥದ್ದು. ತಾಯಿ ಏನು ತಿಂದಳು, ಗ್ರಹಣದ ದಿನ ಹೊರಗೆ ಬಂದಳೇ, ಕತ್ತರಿ ಹಿಡಿದಳೇ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಲವೇ ಮನೆಗಳಲ್ಲಿ ಮಾತ್ರ ತಡೆಯುವ ಜೀನ್‌ನ ದೋಷವೇ ತಾಯಿಯ ಕಡೆಯಿಂದ ಇಳಿದು ಬಂದಿರುತ್ತದೆ. ಅಂಥ ಮನೆಯಲ್ಲಿ ಮುಂದಿನ ಮಗುವಿಗೂ ಬರಬಹುದು. ಯಾವುದೆಂದು ಪರೀಕ್ಷೆ ಮಾಡಿಸದೆ ಯಾರೂ ಹೇಳಲಾರರು. ಪ್ರಯೋಗಾಲಯದ ನೆರವಿನಿಂದ ಗರ್ಭ ಧರಿಸಿದ ಮಕ್ಕಳಲ್ಲಿ ಬೆಕ್‌ವಿತ್ ಸ್ವಲ್ಪ ಹೆಚ್ಚಾಗಿ ಕಂಡಿದೆ. ಹಾಗೆಂದು ಆ ಚಿಕಿತ್ಸೆಗೆ ಹೆದರಬೇಕಿಲ್ಲ, ಆಗಲೂ ಅದು ಅಪರೂಪವೇ.

ನಮ್ಮ ಯೂನಾನಿ ಗ್ರಂಥಗಳಲ್ಲಿ ಇದಿದೆಯೇ ಎಂದು ಕೇಳುವವರಿದ್ದಾರೆ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್'ನಲ್ಲಿ ಇಝಮುಲ್ ಲಿಸಾನ್, ಅಂದರೆ ನಾಲಿಗೆ ಬಾಯಲ್ಲಿ ಹಿಡಿಯದಷ್ಟು ದೊಡ್ಡದಾಗುವುದನ್ನು ಪ್ರತ್ಯೇಕವಾಗಿ ವಿವರಿಸಿದ್ದಾರೆ. ರಕ್ತದ ಅಥವಾ ಬಲ್ಗಮ್‌ನ ಹೆಚ್ಚಳ ಅದಕ್ಕೆ ಕಾರಣವೆಂದಿದ್ದಾರೆ. ಸಾವಿರ ವರ್ಷದ ಹಿಂದೆ ಅಷ್ಟು ನೋಡಿದ್ದು ದೊಡ್ಡದು. ಆದರೆ ಜೀನ್ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಅಳಿಸಿಹೋದ ಆ ಗುರುತನ್ನು ಮತ್ತೆ ಬರೆಯುವ ಮಾಜೂನ್ ನಮ್ಮಲ್ಲಿಲ್ಲ. ಇದೆ ಎನ್ನುವವರು ಸಿಕ್ಕರೆ ನಂಬಬೇಡಿ, ಅವರು ನನ್ನಂತೆಯೇ ಪದವಿ ಪಡೆದವರಾಗಿದ್ದರೂ ಸರಿ. ಮುಖ್ಯವಾಗಿ ಲೋಹದ ಕುಷ್ತಾಗಳನ್ನು ಇಂಥ ಮಕ್ಕಳಿಗೆ ಕೊಡಿಸಬೇಡಿ, ಮೂತ್ರಪಿಂಡದ ಮೇಲೆ ಮೊದಲೇ ಕಣ್ಣಿಡಬೇಕಾದ ಮಕ್ಕಳು ಇವರು.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ನನ್ನದೇ ಒಂದು ತಪ್ಪು.

ದವಾಖಾನೆ ತೆರೆದ ಹೊಸದು. ನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ಅವಳ ತಂದೆ ಹೆಗಲ ಮೇಲೆ ಹೊತ್ತು ತಂದರು. ಎಡಗಾಲು ಸೊಂಟದಿಂದ ಪಾದದವರೆಗೆ ದಪ್ಪ, ಬಲಗಾಲಿಗಿಂತ ಉದ್ದವೂ ಇತ್ತು. ತೊಡೆಯ ಮೇಲೆ ಕೆಂಪು-ನೇರಳೆ ಮಚ್ಚೆ, ಹೊರಗಡೆ ಉಬ್ಬಿದ ನರಗಳು. ಊರವರೆಲ್ಲ ಆನೆಕಾಲು ಎಂದಿದ್ದರು. ನಾನೂ ದಾವುಲ್ ಫೀಲ್ ಎಂದೇ ಬಗೆದೆ, ಪುಸ್ತಕದಲ್ಲಿ ಓದಿದ್ದೆನಲ್ಲ. ಕಷಾಯ ಕೊಟ್ಟೆ. ಎರಡು ತಿಂಗಳಾದರೂ ಇಳಿಯದಿದ್ದಾಗ ಕೆಟ್ಟ ರಕ್ತ ಹೋಗಲೆಂದು ಎರಡು ಜಿಗಣೆ ಬಿಟ್ಟೆ. ಜಿಗಣೆ ಬಿದ್ದುಹೋಯಿತು, ರಕ್ತ ನಿಲ್ಲಲಿಲ್ಲ. ರಾತ್ರಿ ಹನ್ನೊಂದರವರೆಗೆ ನಾನೂ ಅವಳ ತಂದೆಯೂ ಸರದಿಯ ಮೇಲೆ ಬಟ್ಟೆ ಒತ್ತಿ ಹಿಡಿದೆವು. ಕೊನೆಗೆ ಜೀಪು ಮಾಡಿಸಿ ದೊಡ್ಡಾಸ್ಪತ್ರೆಗೆ ಕಳಿಸಿದೆ. ಅಲ್ಲಾಹನ ದಯೆಯಿಂದ ಮಗು ಉಳಿಯಿತು. ಅಲ್ಲಿನ ವೈದ್ಯರೊಬ್ಬರು ನನಗೆ ಫೋನ್ ಮಾಡಿ ಬೈಯದೆ ಒಂದೇ ಪ್ರಶ್ನೆ ಕೇಳಿದರು: "ಹುಟ್ಟಿದಾಗಲೇ ಕಾಲು ಹೀಗಿತ್ತೇ ಎಂದು ಕೇಳಿದ್ದಿರಾ?"

ಕೇಳಿರಲಿಲ್ಲ. ಆನೆಕಾಲು ಸೊಳ್ಳೆಯಿಂದ ಬರುವ ಹುಳುವಿನ ಕಾಯಿಲೆ. ನಮ್ಮ ರಾಜ್ಯದಲ್ಲಿ ಕಲಬುರಗಿ, ಬೀದರ್, ಯಾದಗಿರಿ ಕಡೆ ಅದು ಬಹುಕಾಲದಿಂದ ಇದೆ. ಆದರೆ ಹುಳು ಹೊಕ್ಕ ಮೇಲೆ ಕಾಲು ಊದಲು ವರ್ಷಗಳು ಬೇಕು. ಹುಟ್ಟಿದಾಗಲೇ ದಪ್ಪವಿರುವ ಕಾಲು ಆನೆಕಾಲಲ್ಲ. ಆ ಹುಡುಗಿಗೆ ಇದ್ದದ್ದು 1900ರಲ್ಲಿ ಪ್ಯಾರಿಸ್‌ನ ಕ್ಲಿಪೆಲ್ ಮತ್ತು ಟ್ರೆನೋನೆ ಎಂಬ ಇಬ್ಬರು ವೈದ್ಯರು ವಿವರಿಸಿದ ಸಿಂಡ್ರೋಮ್. ಕೆಂಪು ಮಚ್ಚೆ, ಉಬ್ಬಿದ ನರ, ಹೆಚ್ಚಾಗಿ ಬೆಳೆದ ಕಾಲು, ಈ ಮೂರೂ ಸೇರಿದರೆ ಅದು. ಅಂಥ ಕಾಲಿನ ಮೇಲೆ ಜಿಗಣೆ, ಹಿಜಾಮಾ, ಬಿಗಿಯಾದ ಮಾಲೀಶು ಯಾವುದೂ ಕೂಡದು.

ಇದರ ಕಾರಣ ಬೆಕ್‌ವಿತ್‌ನದಕ್ಕಿಂತ ಬೇರೆ. ಕುರುಬರ ಮಗ್ಗದಲ್ಲಿ ಕಂಬಳಿ ನೇಯುವುದನ್ನು ನೋಡಿದ್ದೀರಲ್ಲ. ಅರ್ಧ ನೇಯ್ದ ಮೇಲೆ ಒಂದು ಎಳೆಯ ಬಣ್ಣ ಬದಲಾದರೆ ಅಲ್ಲಿಂದ ಮುಂದಕ್ಕೆ ಮಾತ್ರ ಪಟ್ಟೆ ಬೀಳುತ್ತದೆ, ಉಳಿದ ಕಂಬಳಿ ಹಾಗೇ ಇರುತ್ತದೆ. ಗರ್ಭ ನಿಂತ ಮೇಲೆ ಭ್ರೂಣದ ಒಂದೇ ಒಂದು ಜೀವಕೋಶದಲ್ಲಿ ಪಿಐಕೆ3ಸಿಎ ಎಂಬ ಜೀನ್ ಕೆಟ್ಟರೆ, ಆ ಕೋಶದಿಂದ ಹುಟ್ಟಿದ ಭಾಗ ಮಾತ್ರ ಮಿತಿ ಮೀರಿ ಬೆಳೆಯುತ್ತದೆ. ಅದು ಕಾಲಾಗಬಹುದು, ಬೆರಳಾಗಬಹುದು, ಮುಖದ ಅರ್ಧವಾಗಬಹುದು. ತಂದೆಯಲ್ಲೂ ಇಲ್ಲ, ತಾಯಿಯಲ್ಲೂ ಇಲ್ಲ. ಮಗುವಿನ ರಕ್ತದಲ್ಲೂ ಅನೇಕ ವೇಳೆ ಸಿಗುವುದಿಲ್ಲ. ಹಾಗಾಗಿ ರಕ್ತದ ಜೀನ್ ಪರೀಕ್ಷೆ ಸರಿ ಬಂತು ಎಂದರೆ ಕಾಯಿಲೆ ಇಲ್ಲ ಎಂದರ್ಥವಲ್ಲ, ದಪ್ಪವಾದ ಭಾಗದಿಂದಲೇ ಸಣ್ಣ ತುಣುಕು ತೆಗೆದು ನೋಡಬೇಕಾಗುತ್ತದೆ. ಸಾವಿರಾರು ರೂಪಾಯಿ ಕೊಡುವ ಮೊದಲು ಈ ಒಂದು ಮಾತು ಕೇಳಿಕೊಳ್ಳಿ.

ಇಂಥ ಮಗುವನ್ನು ಸಾಕುವವರು ಮೂರು ವಿಷಯ ಮರೆಯಬಾರದು. ಕಾಲಿನ ಚರ್ಮ ಒಡೆದರೆ ಸೋಂಕು ಬೇಗ ಏರುತ್ತದೆ, ಆದ್ದರಿಂದ ವುಝೂ ಮಾಡಿದ ಮೇಲೆ ಬೆರಳ ಸಂದು ಒದ್ದೆಯಾಗಿಯೇ ಬಿಡದೆ ಒರೆಸಿ ಒಣಗಿಸುವುದನ್ನು ಚಿಕ್ಕಂದಿನಲ್ಲೇ ಕಲಿಸಿ. ಕಾಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ಔಷಧಿ ಶುರುವಾಗಬೇಕು. ಉಬ್ಬಿದ ನರದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಹಠಾತ್ತನೆ ಕಾಲು ನೋವು ಅಥವಾ ಎದೆ ನೋವು, ಉಸಿರಾಟದ ತೊಂದರೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಗಂಡುಮಗುವಾದರೆ ಖತ್ನಾಕ್ಕೆ ಮೊದಲು ಸರ್ಜನ್‌ಗೆ ತೋರಿಸಿ. ಮಚ್ಚೆ, ನರಗಳು ಆ ಭಾಗಕ್ಕೂ ಹಬ್ಬಿರಬಹುದು, ಮನೆಯಲ್ಲಿ ಮಾಡಿಸಿದರೆ ರಕ್ತ ನಿಲ್ಲದೆ ಹೋಗಬಹುದು. ಖತ್ನಾ ತಡವಾದರೆ ಏನೂ ಕೆಡುವುದಿಲ್ಲ.

ಔಷಧಿಯಲ್ಲೂ ಈಚೆಗೆ ಬದಲಾವಣೆ ಬಂದಿದೆ. ಪ್ಯಾರಿಸ್‌ನ ವೈದ್ಯರು 2018ರಲ್ಲಿ ಇಂಥ 19 ರೋಗಿಗಳಿಗೆ ಆಲ್ಪೆಲಿಸಿಬ್ ಎಂಬ ಮಾತ್ರೆ ಕೊಟ್ಟು ಫಲ ಕಂಡ ವರದಿ ಪ್ರಕಟಿಸಿದರು. ಸ್ತನ ಕ್ಯಾನ್ಸರ್‌ಗಾಗಿ ತಯಾರಾದ ಮಾತ್ರೆ ಅದು. 2022ರ ಏಪ್ರಿಲ್‌ನಲ್ಲಿ ಅಮೆರಿಕ ಎರಡು ವರ್ಷ ತುಂಬಿದ ಮಕ್ಕಳಿಗೂ ಅನುಮತಿ ಕೊಟ್ಟಿತು. ಬೆಲೆ ನಮ್ಮಂಥವರ ಕೈಗೆಟುಕುವುದಲ್ಲ, ಅಡ್ಡ ಪರಿಣಾಮಗಳೂ ಇವೆ. ಸಿರೋಲಿಮಸ್ ಎಂಬ ಹಳೆಯ ಮಾತ್ರೆಯನ್ನು ಕೆಲವು ಮಕ್ಕಳಿಗೆ ತಜ್ಞರು ಕೊಡುತ್ತಾರೆ. ಕಾಲಿನ ಉದ್ದದ ವ್ಯತ್ಯಾಸ ಎರಡು ಸೆಂಟಿಮೀಟರ್ ಒಳಗಿದ್ದರೆ ಚಪ್ಪಲಿಯ ಅಟ್ಟೆ ಎತ್ತರಿಸಿದರೆ ಸಾಕು. ನಮ್ಮ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವವರು ಅಳತೆ ಕೊಟ್ಟರೆ ಚೆನ್ನಾಗಿಯೇ ಮಾಡಿಕೊಡುತ್ತಾರೆ. ಅದಕ್ಕಿಂತ ಹೆಚ್ಚಿದ್ದರೆ, ಮಗು ಬೆಳೆಯುತ್ತಿರುವಾಗಲೇ ಉದ್ದದ ಕಾಲಿನ ಮಂಡಿಯ ಬಳಿ ಬೆಳವಣಿಗೆ ತಡೆಯುವ ಸಣ್ಣ ಆಪರೇಷನ್ ಮಾಡಿ ಸಮ ಮಾಡುತ್ತಾರೆ. ಬೆಳವಣಿಗೆ ಮುಗಿದ ಮೇಲೆ ಆ ಅವಕಾಶ ಇರುವುದಿಲ್ಲ.

ಮೂರನೆಯದೊಂದು ಬಗೆ ಇದೆ, ಅದರಲ್ಲಿ ಮಗುವಿಗಾಗುವ ಕಷ್ಟವೇ ಬೇರೆ ತರಹದ್ದು. ಸೋಟೋಸ್ ಸಿಂಡ್ರೋಮ್ ಇರುವ ಮಗು ಚಿಕ್ಕಂದಿನಿಂದ ತನ್ನ ಓರಗೆಯವರಿಗಿಂತ ಎತ್ತರ, ತಲೆ ದೊಡ್ಡದು, ಹಣೆ ಅಗಲ. ಮಾತು, ನಡಿಗೆ ತಡ, ಕಲಿಕೆ ನಿಧಾನ. ನೋಡಿದವರು ಎಂಟು ವರ್ಷದ ಹುಡುಗನನ್ನು ಹನ್ನೆರಡರವನೆಂದು ತಿಳಿಯುತ್ತಾರೆ. "ಇಷ್ಟು ದೊಡ್ಡವನಾಗಿದ್ದೀಯ, ರೋಜಾ ಇಲ್ಲವೇ?" ಎಂದು ಗದರುತ್ತಾರೆ. ಮದ್ರಸಾದಲ್ಲಿ ಕೊನೆಯ ಸಾಲಿಗೆ ಕಳಿಸುತ್ತಾರೆ, ಸಬಕ್ ಬರದಿದ್ದರೆ ಸೋಮಾರಿ ಎನ್ನುತ್ತಾರೆ. ದೇಹ ಹನ್ನೆರಡರದಾದರೂ ಬುದ್ಧಿ ಎಂಟರದು ಅಥವಾ ಇನ್ನೂ ಕಡಿಮೆ. ಉಸ್ತಾದರಿಗೂ ಶಾಲೆಯ ಮೇಷ್ಟ್ರಿಗೂ ತಂದೆ ತಾಯಿ ಹೋಗಿ ವಯಸ್ಸು ಹೇಳಬೇಕು, ಬೇಕಾದರೆ ಡಾಕ್ಟರ ಚೀಟಿ ತೋರಿಸಬೇಕು. ಇಂಥ ಮಕ್ಕಳ ಎತ್ತರ ದೊಡ್ಡವರಾಗುವ ಹೊತ್ತಿಗೆ ಬಹುಮಟ್ಟಿಗೆ ಇತರರ ಸಾಲಿಗೆ ಬರುತ್ತದೆ. ಮಾತಿನ ತರಬೇತಿ, ಕಲಿಕೆಯ ನೆರವು ಬೇಗ ಸಿಕ್ಕಷ್ಟೂ ಒಳ್ಳೆಯದು.

ಈಗ ಮದುವೆಯ ಮಾತು. ಇಂಥ ಮಗು ಹುಟ್ಟಿದ ಕೂಡಲೇ "ಚಾಚಾನ ಮಗಳನ್ನು ತಂದದ್ದಕ್ಕೇ ಹೀಗಾಯಿತು" ಎನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಸಂಬಂಧದೊಳಗಿನ ಮದುವೆ ನಮ್ಮಲ್ಲಿ ಮಾತ್ರವಲ್ಲ, ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಹಿಂದೂ ನೆರೆಯವರಲ್ಲೂ ಇದೆ. ಅದರಿಂದ ಹೆಚ್ಚುವ ಕಾಯಿಲೆಗಳು ನಿಜವಾಗಿಯೂ ಇವೆ, ಥಲಸ್ಸೀಮಿಯಾ, ಹುಟ್ಟುಕಿವುಡಿನ ಕೆಲವು ಬಗೆ ಹೀಗೆ. ಅದನ್ನು ನಾನು ಮುಚ್ಚಿಡುವುದಿಲ್ಲ, ನಿಕಾಹ್‌ಗೆ ಮೊದಲು ವಿಚಾರ ಮಾಡಿ ಎಂದೇ ಹೇಳುತ್ತೇನೆ. ಆದರೆ ಮೇಲೆ ಹೇಳಿದ ಮೂರು ಕಾಯಿಲೆಗಳು ಆ ಜಾತಿಯವಲ್ಲ. ಸೋಟೋಸ್ ಕೂಡ ಬಹುತೇಕ ಹೊಸದಾಗಿ ಆದ ಬದಲಾವಣೆ. ದೂರದ ಊರಿನ ಅಪರಿಚಿತರನ್ನು ಮದುವೆಯಾದವರಿಗೂ ಇಂಥ ಮಗು ಹುಟ್ಟುತ್ತದೆ. ನಾನು ಜಿಗಣೆ ಬಿಟ್ಟ ಆ ಹುಡುಗಿಯ ಅಕ್ಕನಿಗೆ ಎರಡು ಕಡೆ ಸಂಬಂಧ ತಪ್ಪಿತು, ತಂಗಿಯ ಕಾಲಿನ ಕಾರಣಕ್ಕೆ. ಆ ಅಕ್ಕನಲ್ಲಿ ಆ ದೋಷ ಇರಲು ಸಾಧ್ಯವೇ ಇರಲಿಲ್ಲ. ಕಂಬಳಿಯ ಪಟ್ಟೆ ಆ ಒಂದು ಕಂಬಳಿಯದು ಮಾತ್ರ. ಮೂರನೇ ಕಡೆಯವರು ಬಂದಾಗ ನಾನೇ ಹೋಗಿ ಕೂತು ಹೇಳಿದೆ. ಮದುವೆಯಾಯಿತು.

ತಾವೀಝ್, ದಮ್ ಮಾಡಿಸುವವರನ್ನು ನಾನು ತಡೆಯುವುದಿಲ್ಲ. ದುಆ ಮಾಡಿಕೊಂಡೇ ಸ್ಕ್ಯಾನ್‌ಗೂ ಹೋಗಿ. ತಾವೀಝ್ ಕಟ್ಟಿದ್ದೇವೆ, ನಲವತ್ತು ದಿನ ನೋಡೋಣ ಎಂದು ಸ್ಕ್ಯಾನ್ ಮುಂದೂಡಿದರೆ ಮಾತ್ರ ನನಗೆ ಕೋಪ ಬರುತ್ತದೆ.

ಎಲ್ಲಿಗೆ ಹೋಗಬೇಕು? ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರುವ ಆರ್.ಬಿ.ಎಸ್.ಕೆ. ವೈದ್ಯರ ತಂಡ 2013ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕಾರ್ಯಕ್ರಮದ್ದು. 18 ವರ್ಷದವರೆಗಿನ ಮಕ್ಕಳನ್ನು ನೋಡಿ, ದೊಡ್ಡಾಸ್ಪತ್ರೆಗೆ ಚೀಟಿ ಕೊಡುತ್ತಾರೆ. ಅವರು ಬಂದ ದಿನ ಇಂಥ ಮಗುವನ್ನು ನಾಚಿಕೆಯಿಂದ ಮನೆಯಲ್ಲಿ ಉಳಿಸಿಕೊಳ್ಳುತ್ತಾರೆ, ಆ ದಿನವೇ ಕಳಿಸಬೇಕಾದದ್ದು. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ, ದಾವಣಗೆರೆಯಲ್ಲಿ ಮಕ್ಕಳ ತಜ್ಞರಿದ್ದಾರೆ, ಸ್ಕ್ಯಾನ್ ಅಲ್ಲೇ ಆಗುತ್ತದೆ. ಜೀನ್ ಪರೀಕ್ಷೆ, ಸಲಹೆಗೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೊಂದಿಗೆ ಸೇರಿ ಅದು 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಲಾದ ಕೇಂದ್ರ. ಕರಾವಳಿ ಕಡೆ ನೆಂಟರಿದ್ದರೆ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲೂ ಈ ವಿಭಾಗವಿದೆ. ಆ ನೀತಿಯ ಧನಸಹಾಯ ಪಟ್ಟಿಯಲ್ಲಿರುವ ಕಾಯಿಲೆಗಳಿಗಷ್ಟೇ, ಆದ್ದರಿಂದ ಹಣದ ಆಸೆಯಿಂದ ಹೋಗಬೇಡಿ. ಕಾಯಿಲೆಯ ಸರಿಯಾದ ಹೆಸರು ತಿಳಿಯಲು, ಮುಂದಿನ ಮಗುವಿನ ಬಗ್ಗೆ ಸಲಹೆ ಪಡೆಯಲು ಹೋಗಿ. ಗಡ್ಡೆ ಕಂಡರೆ ಬೆಂಗಳೂರಿನ ಕಿದ್ವಾಯಿಯಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಕಾರ್ಡ್ ಜೊತೆಗೇ ಒಯ್ಯಿರಿ. ನಡೆಯಲು ಅಥವಾ ಕಲಿಯಲು ತೊಂದರೆ ಇರುವ ಮಗುವಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಯು.ಡಿ.ಐ.ಡಿ. ಕಾರ್ಡ್ ಮಾಡಿಸಬಹುದು. ಬೇರೆ ಮಕ್ಕಳು ಹೆದರುತ್ತಾರೆ ಎಂದು ಶಾಲೆಯವರು ಸೇರಿಸಿಕೊಳ್ಳದಿದ್ದರೆ ಅದು ಕಾನೂನಿಗೆ ವಿರುದ್ಧ.

ಮೊಬೈಲ್ ಹಿಡಿದು ನಿಲ್ಲುವವರಿಗೂ ಒಂದು ಮಾತು. ಇಂಗ್ಲೆಂಡಿನಲ್ಲಿ 1862ರಲ್ಲಿ ಹುಟ್ಟಿದ ಜೋಸೆಫ್ ಮೆರಿಕ್ ಎಂಬಾತನ ತಲೆ, ಬಲಗೈ ವಿಪರೀತ ಬೆಳೆದಿದ್ದವು. ದುಡ್ಡು ಕೊಟ್ಟವರಿಗೆಲ್ಲ ಅವನನ್ನು ಆನೆ ಮನುಷ್ಯನೆಂದು ತೋರಿಸುತ್ತಿದ್ದರು. 1890ರಲ್ಲಿ 27ನೇ ವಯಸ್ಸಿಗೆ ತೀರಿಕೊಂಡ. ಅವನಿಗಿದ್ದದ್ದು ಪ್ರೋಟಿಯಸ್ ಎಂಬ ಅತಿಬೆಳವಣಿಗೆಯ ಕಾಯಿಲೆ ಇರಬೇಕೆಂದು ಇಂದಿನ ಅನೇಕ ವೈದ್ಯರ ಅಭಿಪ್ರಾಯ. ಅದರ ಜೀನ್ ಸಿಕ್ಕಿದ್ದು 2011ರಲ್ಲಿ. ಉರುಸಿನಲ್ಲಿ, ಜಾತ್ರೆಯಲ್ಲಿ ಇಂಥ ಮಗು ಕಂಡರೆ ವಿಡಿಯೋ ಮಾಡಿ ವಾಟ್ಸಾಪ್‌ಗೆ ಹಾಕುವವರು ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದಾರೆ.

ಸಂಶಯವಿದ್ದವರು ಡಾಕ್ಟರ ಬಳಿ ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ, ಹುಟ್ಟಿದ ತೂಕ ಅದರಲ್ಲಿದೆ. ದರ್ಜಿಯ ಟೇಪಿನಿಂದ ತಿಂಗಳಿಗೊಮ್ಮೆ ಎರಡೂ ತೊಡೆ, ಎರಡೂ ಮೀನಖಂಡ, ಎರಡೂ ತೋಳಿನ ಸುತ್ತಳತೆ ತೆಗೆದು ದಿನಾಂಕ ಹಾಕಿ ಬರೆದಿಡಿ. ಮಂಡಿಯಿಂದ ನಾಲ್ಕು ಬೆರಳು ಮೇಲೆ ಎಂದು ಜಾಗ ಗೊತ್ತು ಮಾಡಿಕೊಂಡು ಪ್ರತಿ ಸಲ ಅಲ್ಲೇ ಅಳೆಯಿರಿ. ಮುಂದಿನ ಸ್ಕ್ಯಾನ್ ದಿನಾಂಕವನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಶಾಯಿಯಿಂದ ಸುತ್ತಿಡಿ. ಆ ಅಜ್ಜಿಯ ಮನೆಯಲ್ಲಿ ಈಗಲೂ ಹಾಗೇ ಸುತ್ತಿಟ್ಟಿದ್ದಾರೆ. ಅವರಿಗೆ ಓದು ಬರುವುದಿಲ್ಲ, ಕೆಂಪು ಬಣ್ಣ ಕಂಡ ವಾರ ಸೊಸೆ ಮನೆಗೆ ಫೋನ್ ಮಾಡಿಸುತ್ತಾರೆ.